ವಾಚನಾಲಯದ ಕಂಪ್ಯೂಟರಿಗೆ ಫಿಲ್ಟರ್: ಹಾಕುವುದು ಹೇಗೆ, ತೆರೆಯುವುದು ಯಾರು

ಮುಂಬಯಿಯ ಯಾವುದೇ ಕನ್ನಡ ಸಂಘದ ವಾಚನಾಲಯದಲ್ಲಿ ಪುಸ್ತಕದ ಕಪಾಟಿನ ಪಕ್ಕ ಎರಡು ಮೂರು ಕಂಪ್ಯೂಟರ್ ಇಡೋಣ ಎಂಬ ಮಾತು ಬಂದರೆ, ಸಮಿತಿಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಮಕ್ಕಳು ಏನಾದರೂ ನೋಡಬಾರದ್ದು ನೋಡಿದರೆ?’ ಕೇಳಬೇಕಾದ ಪ್ರಶ್ನೆಯೇ. ಆದರೆ ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವವನು ಬ್ರಾಡ್‌ಬ್ಯಾಂಡ್ ಜೋಡಿಸಲು ಬಂದ ಹುಡುಗ. ಇಂಟರ್‌ನೆಟ್ ಹಂಚುವ ಪೆಟ್ಟಿಗೆಯಾದ ರೌಟರಿನಲ್ಲಿ ಏನೋ ಒತ್ತಿ, ‘ಎಲ್ಲ ಬ್ಲಾಕ್ ಮಾಡಿದ್ದೇನೆ’ ಎಂದು ಹೇಳಿ ಹೋಗುತ್ತಾನೆ. ಏನು ಬ್ಲಾಕ್ ಆಗಿದೆ, ಯಾಕೆ ಆಗಿದೆ, ತೆಗೆಯುವುದು ಹೇಗೆ, ಈ ಮೂರೂ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಯಾವ ಪುಸ್ತಕ ತರಿಸಬೇಕು, ಯಾವುದನ್ನು ಮಕ್ಕಳ ಕಪಾಟಿನಲ್ಲಿಡಬೇಕು ಎಂದು ನಿರ್ಧರಿಸುವವರು ಗ್ರಂಥಪಾಲರು. ಇಂಟರ್‌ನೆಟ್ ಸೋಸುವುದೂ ಅದೇ ಜಾತಿಯ ಕೆಲಸ. ಸಂಬಳದ ಗ್ರಂಥಪಾಲರಿರಲಿ, ಸಂಜೆ ಎರಡು ಗಂಟೆ ಬಂದು ಕೂರುವ ಗೌರವ ಗ್ರಂಥಪಾಲರಿರಲಿ, ಈ ನಿರ್ಧಾರ ಅವರ ಮೇಜಿನ ಮೇಲೆಯೇ ಆಗಬೇಕು. ಹಾಕಿದ ಬೀಗಕ್ಕೆ ಕೀಲಿಕೈಯೂ ಅಲ್ಲೇ ಇರಬೇಕು.

ಮೊದಲು ಒಂದು ಪುಟದ ನಿಯಮ

ಯಾವ ಸಾಫ್ಟ್‌ವೇರನ್ನೂ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ನಿಯಮ ಬರೆದು ಕಾರ್ಯಕಾರಿ ಸಮಿತಿಯಿಂದ ಮಂಜೂರು ಮಾಡಿಸಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಲಿ. ತಡೆಯುವುದನ್ನು ಮೂರು ಬಗೆಯಾಗಿ ಬೇರ್ಪಡಿಸಿ ಬರೆದರೆ ಮುಂದಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಒಂದು, ಕಾನೂನೇ ಅಪರಾಧ ಎನ್ನುವಂಥದ್ದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 67ಬಿ ಕಲಮಿನ ಪ್ರಕಾರ ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳನ್ನು ಹಂಚುವುದಷ್ಟೇ ಅಲ್ಲ, ಹುಡುಕುವುದೂ ಇಳಿಸಿಕೊಳ್ಳುವುದೂ ಅಪರಾಧ. ಇದಕ್ಕೆ ಯಾರಿಗೂ ಯಾವ ಕಂಪ್ಯೂಟರಿನಲ್ಲೂ ವಿನಾಯಿತಿ ಇಲ್ಲ. ಎರಡು, ಮೋಸದ ತಾಣಗಳು: ಬ್ಯಾಂಕಿನ ಹೆಸರಿನ ನಕಲಿ ಪುಟ, ವೈರಸ್ ಇಳಿಸುವ ಪುಟ. ಇವನ್ನೂ ಎಲ್ಲರಿಗೂ ತಡೆಯಬೇಕು. ಪಿಂಚಣಿಯ ಜೀವನ ಪ್ರಮಾಣಪತ್ರಕ್ಕಾಗಿ ಬರುವ ಹಿರಿಯರು, ಊರಿನ ಪಹಣಿ ನೋಡಲು ಭೂಮಿ ಪೋರ್ಟಲ್ ತೆರೆಯುವ ಹೋಟೆಲ್ ಕಾರ್ಮಿಕರು ಮೋಸ ಹೋಗುವುದು ಇಂಥ ಪುಟಗಳಲ್ಲೇ. ಮೂರು, ವಯಸ್ಕರಿಗೆ ಮಾತ್ರ ಎನ್ನುವಂಥದ್ದು. ಇದನ್ನು ಮಕ್ಕಳ ಕಂಪ್ಯೂಟರಿನಲ್ಲಿ ಬಿಗಿಯಾಗಿಯೂ ದೊಡ್ಡವರ ಕಂಪ್ಯೂಟರಿನಲ್ಲಿ ಬೇರೆ ಅಳತೆಯಲ್ಲಿಯೂ ತಡೆಯಿರಿ.

ತಡೆಯಬಾರದ್ದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ಪೇಚಾಡುತ್ತಾರೆ. ಆರೋಗ್ಯ, ಮುಟ್ಟು, ಗರ್ಭಧಾರಣೆ, ಎಚ್‌ಐವಿ, ಕೌಟುಂಬಿಕ ಹಿಂಸೆಯ ಸಹಾಯ, ಧರ್ಮ, ಜಾತಿ, ರಾಜಕೀಯ ಇವುಗಳಲ್ಲಿ ಅಭಿಪ್ರಾಯ ಹಿಡಿಸಲಿಲ್ಲವೆಂದು ಯಾವ ತಾಣವನ್ನೂ ಮುಚ್ಚತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ‘ಆ ತಾಣದಲ್ಲಿ ನಮ್ಮ ಸಮುದಾಯವನ್ನು ಬೈದಿದ್ದಾರೆ, ಬ್ಲಾಕ್ ಮಾಡಿ’ ಎಂದು ಪದಾಧಿಕಾರಿಯೊಬ್ಬರು ಕೇಳುವ ದಿನ ಬಂದೇ ಬರುತ್ತದೆ. ಆಗ ಗ್ರಂಥಪಾಲರು ಒಬ್ಬರೇ ವಾದಿಸಬೇಕಾಗಬಾರದು. ‘ಸಮಿತಿಯೇ ಒಪ್ಪಿದ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಸರ್, ಲಿಖಿತವಾಗಿ ಕೊಡಿ, ಮುಂದಿನ ಸಭೆಗೆ ಇಡುತ್ತೇನೆ’ ಎಂದು ಹೇಳುವಷ್ಟು ಆಧಾರ ಕೈಯಲ್ಲಿರಬೇಕು.

ಯೂಟ್ಯೂಬ್, ಫೇಸ್‌ಬುಕ್ ‘ಸಮಯ ಹಾಳು’ ಎಂದು ಮುಚ್ಚಿಸುವವರೂ ಇದ್ದಾರೆ. ಅದು ಫಿಲ್ಟರಿನ ಕೆಲಸವಲ್ಲ. ಒಬ್ಬರಿಗೆ 30 ನಿಮಿಷ, ಸರದಿ ಇಲ್ಲದಿದ್ದರೆ ಇನ್ನೂ 30 ನಿಮಿಷ ಎಂಬ ಚೀಟಿ ಅಂಟಿಸಿದರೆ ಮುಗಿಯಿತು. ರಾತ್ರಿ ಶಾಲೆಯ ವಿದ್ಯಾರ್ಥಿಗೆ ಗಣಿತದ ಪಾಠ ಸಿಗುವುದು ಯೂಟ್ಯೂಬಿನಲ್ಲೇ.

ಕಾನೂನಿನ ಇನ್ನೊಂದು ಎಳೆ ಇದೆ. ವ್ಯವಹಾರದ ಕ್ರಮದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸುವ ಜಾಗವನ್ನು ಕಾಯ್ದೆ ಸೈಬರ್ ಕೆಫೆ ಎನ್ನುತ್ತದೆ. 2011ರ ಸೈಬರ್ ಕೆಫೆ ನಿಯಮಗಳಲ್ಲಿ ಗುರುತಿನ ಚೀಟಿ ನೋಡುವುದು, ಬಳಕೆದಾರರ ರಿಜಿಸ್ಟರನ್ನೂ ನೋಡಿದ ತಾಣಗಳ ದಾಖಲೆಯನ್ನೂ ಕನಿಷ್ಠ ಒಂದು ವರ್ಷ ಇಡುವುದು, ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರದಂತೆ ನೋಡುವುದು, ಇವೆಲ್ಲ ಬರುತ್ತವೆ. ಸದಸ್ಯರಿಗೆ ಉಚಿತವಾಗಿ ಕೊಡುವ ವಾಚನಾಲಯದ ಪರಿಸ್ಥಿತಿ ಬೇರೆ, ಗಂಟೆಗೆ ಇಷ್ಟು ರೂಪಾಯಿ ಎಂದು ವಸೂಲು ಮಾಡುವ ಜಾಗದ ಪರಿಸ್ಥಿತಿ ಬೇರೆ. ಶುಲ್ಕ ತೆಗೆದುಕೊಳ್ಳುವ ಯೋಚನೆ ಇದ್ದರೆ ಸಂಘದ ವಕೀಲರನ್ನು ಮೊದಲೇ ಕೇಳಿ. ಬಳಕೆಯನ್ನು ಉಚಿತವಾಗಿಯೇ ಇಡುವುದು ನಮ್ಮ ಸಲಹೆ.

ಫಿಲ್ಟರ್ ಎಲ್ಲಿ ಕೂರುತ್ತದೆ

ಸೋಸುವುದು ಮೂರು ಕಡೆ ಸಾಧ್ಯ: ತಾಣದ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ, ಬ್ರೌಸರಿನಲ್ಲಿ, ಕಂಪ್ಯೂಟರಿನೊಳಗೆ ಹಾಕುವ ಸಾಫ್ಟ್‌ವೇರಿನಲ್ಲಿ. ಸಣ್ಣ ವಾಚನಾಲಯಕ್ಕೆ ಮೊದಲ ಎರಡು ಸಾಕು, ಖರ್ಚೂ ಇಲ್ಲ.

ಡಿಎನ್‌ಎಸ್ ಎಂದರೆ ಟೆಲಿಫೋನ್ ಡೈರೆಕ್ಟರಿ ಎಂದುಕೊಳ್ಳಿ. ನೀವು ಹೆಸರು ಹೇಳುತ್ತೀರಿ, ಅದು ನಂಬರ್ ಕೊಡುತ್ತದೆ. ಸೋಸುವ ಡಿಎನ್‌ಎಸ್ ಕೆಲವು ಹೆಸರುಗಳಿಗೆ ನಂಬರ್ ಕೊಡುವುದೇ ಇಲ್ಲ, ಹಾಗಾಗಿ ಆ ಪುಟ ತೆರೆಯುವುದಿಲ್ಲ. ಇದರ ಮಿತಿಯೂ ಇಲ್ಲೇ ಇದೆ. ಅದಕ್ಕೆ ತಾಣದ ಹೆಸರು ಮಾತ್ರ ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ. ಯೂಟ್ಯೂಬನ್ನು ಪೂರ್ತಿ ಮುಚ್ಚಬಲ್ಲದು, ಒಂದು ವಿಡಿಯೊವನ್ನು ಮಾತ್ರ ತಡೆಯಲಾರದು.

ಮೂರು ಕಂಪ್ಯೂಟರ್ ಇವೆ ಎಂದಿಟ್ಟುಕೊಂಡು ಸೋಸುವ ಉಚಿತ ಡಿಎನ್‌ಎಸ್ ಸೇವೆಗಳನ್ನು ಹೀಗೆ ಹಂಚಬಹುದು (ನಂಬರುಗಳು ಆ ಸೇವೆಗಳ ವಿಳಾಸ):

ಮಕ್ಕಳ ಕಂಪ್ಯೂಟರಿಗೆ ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್: 185.228.168.168 ಮತ್ತು 185.228.169.168. ಇದು ಅಶ್ಲೀಲ ತಾಣಗಳನ್ನಷ್ಟೇ ಅಲ್ಲ, ಫಿಲ್ಟರ್ ದಾಟಿಸುವ ವಿಪಿಎನ್ ತಾಣಗಳನ್ನೂ ತಡೆಯುತ್ತದೆ. ಗೂಗಲ್, ಬಿಂಗ್, ಯೂಟ್ಯೂಬ್‌ಗಳನ್ನು ಸುರಕ್ಷಿತ ಹುಡುಕಾಟಕ್ಕೆ ತಾನೇ ತಿರುಗಿಸುತ್ತದೆ. ಒಳ್ಳೆಯದೂ ವಯಸ್ಕರದೂ ಬೆರೆತ ರೆಡ್ಡಿಟ್‌ನಂಥ ಮಿಶ್ರ ತಾಣಗಳನ್ನು ಪೂರ್ತಿಯಾಗಿ ಮುಚ್ಚುತ್ತದೆ ಎಂಬುದು ನೆನಪಿರಲಿ.

ದೊಡ್ಡವರ ಕಂಪ್ಯೂಟರಿಗೆ ಕ್ಲೌಡ್‌ಫ್ಲೇರ್‌ನ 1.1.1.3 ಮತ್ತು 1.0.0.3. ವೈರಸ್ ತಾಣ, ಅಶ್ಲೀಲ ತಾಣ ಎರಡೂ ನಿಲ್ಲುತ್ತವೆ.

ಗ್ರಂಥಪಾಲರ ಮೇಜಿನ ಪಕ್ಕದ ಕಂಪ್ಯೂಟರಿಗೆ 1.1.1.2 ಮತ್ತು 1.0.0.2. ಇದು ಮೋಸದ, ವೈರಸ್ಸಿನ ತಾಣಗಳನ್ನು ಮಾತ್ರ ತಡೆಯುತ್ತದೆ. ಈ ಮೂರನೆಯ ಕಂಪ್ಯೂಟರ್ ಯಾಕೆ ಬೇಕು ಎಂಬುದು ಮುಂದೆ ಬರುತ್ತದೆ.

ಹಾಕುವ ಕ್ರಮ

ಮೊದಲು ರೌಟರಿನ ಪಾಸ್‌ವರ್ಡ್ ಬದಲಿಸಿ. ಬ್ರೌಸರಿನ ವಿಳಾಸಪಟ್ಟಿಯಲ್ಲಿ 192.168.1.1 ಅಥವಾ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುವ ವಿಳಾಸ ಹೊಡೆದರೆ ಪುಟ ತೆರೆಯುತ್ತದೆ. ಅದೇ ಚೀಟಿಯ ಪಾಸ್‌ವರ್ಡನ್ನೇ ಉಳಿಸಿಕೊಂಡರೆ ಒಂಬತ್ತನೆಯ ತರಗತಿಯ ಹುಡುಗನೂ ಒಳಗೆ ಹೋಗಿ ಎಲ್ಲ ಬದಲಿಸಬಲ್ಲ. ರೌಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಇದು ತಳಪಾಯ. ಕಂಪನಿ ಕೊಟ್ಟ ಕೆಲವು ಪೆಟ್ಟಿಗೆಗಳಲ್ಲಿ ಈ ಜಾಗವನ್ನು ಮುಟ್ಟಲು ಬಿಡುವುದಿಲ್ಲ. ಹಾಗಿದ್ದರೆ ಚಿಂತೆ ಬೇಡ, ಒಂದೊಂದು ಕಂಪ್ಯೂಟರಿನಲ್ಲೂ ಹಾಕುವ ಕೆಲಸ ಹೇಗೂ ಇದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್‌ನೆಟ್, ಈಥರ್‌ನೆಟ್ ತೆರೆದು ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎದುರಿನ ಎಡಿಟ್ ಒತ್ತಿ. ಮ್ಯಾನುಯಲ್ ಆರಿಸಿ, ಐಪಿವಿ4 (ಇಂಟರ್‌ನೆಟ್ ವಿಳಾಸದ ಹಳೆಯ ಪದ್ಧತಿ) ಆನ್ ಮಾಡಿ, ಆ ಕಂಪ್ಯೂಟರಿಗೆ ಮೇಲೆ ಹೇಳಿದ ಎರಡು ನಂಬರನ್ನು ತುಂಬಿ, ಸೇವ್ ಮಾಡಿ, ಕಂಪ್ಯೂಟರ್ ಮರುಪ್ರಾರಂಭಿಸಿ.

ಇಲ್ಲೇ ಅತಿ ಹೆಚ್ಚು ತಪ್ಪಾಗುವುದು. ಎರಡನೆಯ ಜಾಗದಲ್ಲಿ ‘ಇರಲಿ’ ಎಂದು ಗೂಗಲ್‌ನ 8.8.8.8 ಹಾಕುತ್ತಾರೆ. ಮೊದಲನೆಯದು ಕೈಕೊಟ್ಟಾಗ ಮಾತ್ರ ಎರಡನೆಯದು ಬಳಕೆಯಾಗುತ್ತದೆ ಎಂಬ ಭರವಸೆ ಇಲ್ಲ. ಕಂಪ್ಯೂಟರ್ ಎರಡರಲ್ಲಿ ಯಾವುದನ್ನಾದರೂ ಕೇಳಬಹುದು. ಸೋಸದ ಡಿಎನ್‌ಎಸ್ ಒಂದು ಇದ್ದರೂ ಸಾಕು, ಫಿಲ್ಟರ್ ತೂತು ಬಿದ್ದ ಜರಡಿಯಾಗುತ್ತದೆ. ಇವತ್ತು ಮುಚ್ಚಿದ ತಾಣ ನಾಳೆ ತೆರೆಯುತ್ತದೆ, ಯಾಕೆಂದು ತಿಳಿಯದೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ಜಾಗದಲ್ಲಿ ಒಂದೇ ಸೇವೆಯ ಎರಡು ನಂಬರುಗಳಿರಲಿ.

ಎರಡನೆಯ ತೂತು ಐಪಿವಿ6, ಅಂದರೆ ಇಂಟರ್‌ನೆಟ್ ವಿಳಾಸದ ಹೊಸ ಪದ್ಧತಿ. ನೀವು ಐಪಿವಿ4ರ ಡಿಎನ್‌ಎಸ್ ಮಾತ್ರ ಬದಲಿಸಿ, ಬ್ರಾಡ್‌ಬ್ಯಾಂಡ್ ಕಂಪನಿ ಐಪಿವಿ6 ಕೂಡ ಕೊಡುತ್ತಿದ್ದರೆ, ಪ್ರಶ್ನೆಗಳು ಆ ದಾರಿಯಲ್ಲಿ ಕಂಪನಿಯ ಡಿಎನ್‌ಎಸ್‌ಗೆ ಹೋಗಿಬಿಡುತ್ತವೆ. ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ಇಂಟರ್‌ನೆಟ್ ಪ್ರೋಟೋಕಾಲ್ ವರ್ಶನ್ 6ರ ಎದುರಿನ ಗುರುತು ತೆಗೆದರೆ ಸಾಕು.

ಮೂರನೆಯದು ಬ್ರೌಸರು. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಸೆಕ್ಯೂರ್ ಡಿಎನ್‌ಎಸ್ ಎಂಬ ಸೌಲಭ್ಯವಿದೆ. ಅದನ್ನು ಆನ್ ಮಾಡಿ ಬೇರೆ ಸೇವೆ ಆರಿಸಿದರೆ ಬ್ರೌಸರ್ ನಿಮ್ಮ ಡೈರೆಕ್ಟರಿಯನ್ನು ಬಿಟ್ಟು ತನ್ನದೇ ಡೈರೆಕ್ಟರಿ ನೋಡುತ್ತದೆ. ಸೆಟ್ಟಿಂಗಿನಲ್ಲಿ ಆಫ್ ಮಾಡಿದರೆ ಸಾಲದು, ಓದುಗ ಮತ್ತೆ ಆನ್ ಮಾಡಬಲ್ಲ. ಓದುಗರು ಬದಲಿಸಲಾಗದ ನಿಯಮಪಟ್ಟಿಯಾದ ಬ್ರೌಸರಿನ ಪಾಲಿಸಿಯಲ್ಲೇ ಬೀಗ ಹಾಕಬೇಕು. ಕ್ರೋಮ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಆಫ್, ಗೂಗಲ್ ಸೇಫ್‌ಸರ್ಚ್ ಕಡ್ಡಾಯ, ಯೂಟ್ಯೂಬ್ ರಿಸ್ಟ್ರಿಕ್ಟೆಡ್ ಮೋಡ್ ಕಡ್ಡಾಯ, ಹೊಸ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಕಿರು ಸಾಫ್ಟ್‌ವೇರ್) ಹಾಕಲು ತಡೆ, ಈ ನಾಲ್ಕಕ್ಕೂ ಪಾಲಿಸಿ ಇದೆ. ವಿಂಡೋಸ್ ಹೋಮ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇರುವುದಿಲ್ಲ, ರಿಜಿಸ್ಟ್ರಿಯಲ್ಲಿ ಬರೆಯಬೇಕಾಗುತ್ತದೆ. ಸದಸ್ಯರ ಮಕ್ಕಳಲ್ಲಿ ಐಟಿ ಕೆಲಸದವರು ಸಿಗದ ಸಂಘ ಮುಂಬಯಿಯಲ್ಲಿ ಇರಲಿಕ್ಕಿಲ್ಲ. ಅವರಿಗೆ ಈ ನಾಲ್ಕು ಹೆಸರು ಕೊಟ್ಟರೆ ಒಂದು ಭಾನುವಾರದ ಕೆಲಸ.

ಇಷ್ಟೆಲ್ಲ ಮಾಡಿ ಓದುಗರಿಗೆ ಎಲ್ಲ ಸೆಟ್ಟಿಂಗನ್ನೂ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಖಾತೆ ಕೊಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅವರಿಗೆ ಸ್ಟ್ಯಾಂಡರ್ಡ್ ಖಾತೆ ಮಾತ್ರ.

ಓದುಗರ ಮೊಬೈಲಿಗೆ ವೈಫೈ ಕೊಡುವುದಾದರೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ಅವರದೇ ಡೇಟಾದಲ್ಲಿ ಅವರು ಏನು ನೋಡುತ್ತಾರೆ ಎಂಬುದು ಯಾವ ಫಿಲ್ಟರಿಗೂ ಸಿಗುವುದಿಲ್ಲ, ಇದನ್ನು ಸಮಿತಿಗೂ ಪಾಲಕರಿಗೂ ಮೊದಲೇ ಹೇಳಿಬಿಡಿ.

ಕನ್ನಡದಲ್ಲಿ ಪರೀಕ್ಷಿಸಿ

1.1.1.3 ಕೆಲಸ ಮಾಡುತ್ತಿದೆಯೇ ಎಂದು ನೋಡಲು ಕ್ಲೌಡ್‌ಫ್ಲೇರ್ ಒಂದು ನಿರಪಾಯ ಪುಟ ಇಟ್ಟಿದೆ: ನ್ಯೂಡಿಟಿ ಡಾಟ್ ಟೆಸ್ಟ್‌ಕೆಟಗರಿ ಡಾಟ್ ಕಾಮ್ (nudity.testcategory.com). ಅದು ತೆರೆಯಬಾರದು. ಇದು ಒಂದು ನಿಮಿಷದ ಪರೀಕ್ಷೆ. ನಿಜವಾದ ಪರೀಕ್ಷೆ ಆಮೇಲೆ.

ಪದ ನೋಡಿ ತಡೆಯುವ ಫಿಲ್ಟರುಗಳ ಕುರುಡುತನ ಹಳೆಯ ಕತೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲಾಗಲಿಲ್ಲ. ಊರಿನ ಹೆಸರಿನ ನಡುವೆ ನಾಲ್ಕು ಅಕ್ಷರದ ಒಂದು ಬೈಗುಳ ಅಡಗಿತ್ತು, ಫಿಲ್ಟರ್ ಅದನ್ನು ಹಿಡಿಯಿತು. ಕನ್ನಡಕ್ಕೆ ಬಂದರೆ ತೊಂದರೆ ಎರಡು ಬದಿಯಿಂದ. ಇಂಗ್ಲಿಷ್ ಪದಪಟ್ಟಿಯ ಮೇಲೆ ನಿಂತ ಫಿಲ್ಟರಿಗೆ ಕನ್ನಡ ಲಿಪಿಯ ಅಶ್ಲೀಲ ಬರಹ ಅಶ್ಲೀಲವೆಂದು ಗೊತ್ತಾಗುವುದೇ ಇಲ್ಲ. ಕನ್ನಡವನ್ನೋ ಮರಾಠಿ, ಹಿಂದಿಯನ್ನೋ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಇನ್ನೂ ಕಷ್ಟ, ಮುಂಬಯಿಯ ಮಕ್ಕಳು ಹೊಡೆಯುವುದು ಹಾಗೆಯೇ. ಇನ್ನೊಂದು ಬದಿಯಲ್ಲಿ, ಓದಲೇಬೇಕಾದದ್ದು ಸಿಕ್ಕಿಹಾಕಿಕೊಳ್ಳಬಹುದು. ಶ್ರವಣಬೆಳಗೊಳದ ಬಾಹುಬಲಿಯ ಮೈಮೇಲೆ ಬಟ್ಟೆ ಇಲ್ಲ. ಚಿತ್ರವನ್ನು ಮಾತ್ರ ನೋಡುವ ಯಂತ್ರಕ್ಕೆ ಅದು ವೈರಾಗ್ಯವೆಂದು ಹೇಗೆ ತಿಳಿಯಬೇಕು? ಅಕ್ಕಮಹಾದೇವಿಯ ಬದುಕಿನ ಬಗೆಗಿನ ಲೇಖನಗಳಲ್ಲಿ ನಗ್ನತೆಯ ಮಾತು ಬಾರದೆ ಇರುವುದಿಲ್ಲ.

ಆದ್ದರಿಂದ ಎರಡು ಪಟ್ಟಿ ಮಾಡಿ. ತೆರೆಯಲೇಬೇಕಾದ ಹುಡುಕಾಟಗಳು ಸುಮಾರು 20: ಬಾಹುಬಲಿ ಮೂರ್ತಿ, ಅಕ್ಕಮಹಾದೇವಿ, ಸ್ತನ ಕ್ಯಾನ್ಸರ್ ಲಕ್ಷಣ, ಮುಟ್ಟಿನ ನೋವು, ಗರ್ಭನಿರೋಧಕ, ಎಚ್‌ಐವಿ ಪರೀಕ್ಷೆ, ದೇವದಾಸಿ ಪದ್ಧತಿ, ಹೆರಿಗೆ, ಮಕ್ಕಳ ಸಹಾಯವಾಣಿ ಹೀಗೆ. ಪ್ರತಿಯೊಂದನ್ನೂ ಮಕ್ಕಳ ಕಂಪ್ಯೂಟರಿನಲ್ಲಿ ಕನ್ನಡ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಹುಡುಕಿ, ಮೊದಲ ಐದು ಫಲಿತಾಂಶ ತೆರೆಯುತ್ತವೆಯೇ ನೋಡಿ ಗುರುತು ಹಾಕಿ. ಯಾವುದು ಮುಚ್ಚಿದೆಯೋ ಅದರ ವಿಳಾಸ ಬರೆದಿಡಿ. ತೆರೆಯಬಾರದ ಹುಡುಕಾಟಗಳ ಪಟ್ಟಿ ಸುಮಾರು 10 ಸಾಕು. ವಾಚನಾಲಯ ಮುಚ್ಚಿದ ಮೇಲೆ, ಇಬ್ಬರು ವಯಸ್ಕರು ಜೊತೆಗಿದ್ದು ನೋಡಬೇಕು, ನೋಡಿದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಮಕ್ಕಳಿಗೆ ಸಂಬಂಧಿಸಿದ ಅಕ್ರಮ ದೃಶ್ಯ ತಡೆಯಾಗಿದೆಯೇ ಎಂದು ‘ಪರೀಕ್ಷೆ’ಗಾಗಿ ಕೂಡ ಹುಡುಕಬಾರದು. ಹುಡುಕುವುದೇ ಅಪರಾಧ.

ಯೂಟ್ಯೂಬಿನ ರಿಸ್ಟ್ರಿಕ್ಟೆಡ್ ಮೋಡ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಅದು ಹೆಚ್ಚಾಗಿ ಶೀರ್ಷಿಕೆ, ವಿವರಣೆ, ವಯಸ್ಸಿನ ಗುರುತು ಇಂಥವನ್ನು ನೋಡಿ ತೀರ್ಮಾನಿಸುತ್ತದೆ. ಆದರೂ ಆನ್ ಮಾಡಿಡಿ. ಅದು ಆನ್ ಇದ್ದಾಗ ಕೆಳಗಿನ ಕಮೆಂಟುಗಳು ಕಾಣುವುದಿಲ್ಲ, ಮಕ್ಕಳ ಮಟ್ಟಿಗೆ ಅಷ್ಟೇ ದೊಡ್ಡ ಲಾಭ.

ತೆರೆಯುವ ಕೆಲಸ

ಗ್ರಂಥಪಾಲರು ಬೇಕಾಗುವುದು ಇಲ್ಲಿ. ಅಮೆರಿಕದಲ್ಲಿ 2000ದ ಡಿಸೆಂಬರಿನಲ್ಲಿ ಬಂದ ಮಕ್ಕಳ ಇಂಟರ್‌ನೆಟ್ ರಕ್ಷಣಾ ಕಾಯ್ದೆ, ಕೇಂದ್ರದ ಇಂಟರ್‌ನೆಟ್ ರಿಯಾಯಿತಿ ಪಡೆಯುವ ಗ್ರಂಥಾಲಯಗಳಿಗೆ ಫಿಲ್ಟರ್ ಕಡ್ಡಾಯ ಮಾಡಿತು. ಅಲ್ಲಿನ ಗ್ರಂಥಪಾಲರ ಸಂಘವೇ ಕೋರ್ಟಿಗೆ ಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ವಯಸ್ಕ ಓದುಗರು ಕೇಳಿದರೆ ಗ್ರಂಥಪಾಲರು ಫಿಲ್ಟರ್ ತೆಗೆದುಕೊಡಬಹುದು ಎಂಬುದು ಆ ತೀರ್ಪಿಗೆ ಮುಖ್ಯ ಆಧಾರವಾಗಿತ್ತು. ಅದು ಅಲ್ಲಿನ ಕಾನೂನು, ನಮಗೆ ಅನ್ವಯಿಸದು. ಆದರೆ ಅದರೊಳಗಿನ ವಿವೇಕ ನಮಗೂ ಬೇಕು.

ಹೀಗೆ ಮಾಡಿ. ಮುಚ್ಚಿದ ತಾಣ ಬೇಕಾದವರು ಬರೆದುಕೊಡಲು ಪ್ರತಿ ಕಂಪ್ಯೂಟರಿನ ಪಕ್ಕ ಸಣ್ಣ ಚೀಟಿಯ ಕಟ್ಟು ಇಡಿ: ವಿಳಾಸ, ದಿನಾಂಕ, ಸಮಯ, ಕಂಪ್ಯೂಟರ್ ಸಂಖ್ಯೆ. ಹೆಸರಿಗೆ ಜಾಗ ಬೇಡ, ಕಾರಣಕ್ಕೂ ಬೇಡ. ‘ಯಾಕೆ ಬೇಕು?’ ಎಂದು ಬರೆಯಿಸಿದರೆ ಗರ್ಭಪಾತದ ಬಗ್ಗೆ ಓದಬೇಕಾದ ಹೆಂಗಸು ಚೀಟಿಯನ್ನೇ ಮುಟ್ಟುವುದಿಲ್ಲ, ಎದ್ದು ಹೋಗುತ್ತಾಳೆ. ಚೀಟಿ ಬಂದ 10 ನಿಮಿಷದಲ್ಲಿ ಗ್ರಂಥಪಾಲರು ಉತ್ತರ ಕೊಡಬೇಕು. ಉಚಿತ ಡಿಎನ್‌ಎಸ್‌ನಲ್ಲಿ ಒಂದು ತಾಣಕ್ಕೆ ಮಾತ್ರ ವಿನಾಯಿತಿ ಕೊಡಲು ಬರುವುದಿಲ್ಲ. ಅದಕ್ಕೇ ಆ ಮೂರನೆಯ ಕಂಪ್ಯೂಟರ್. ವಯಸ್ಕರಾದರೆ ‘ಬನ್ನಿ, ಇಲ್ಲಿ ಕೂತು ನೋಡಿ’ ಎಂದು ಕುರ್ಚಿ ಬಿಟ್ಟುಕೊಡಿ. ಅದರ ಪರದೆ ಗೋಡೆಯ ಕಡೆ ತಿರುಗಿರಲಿ, ಅಥವಾ ಪಕ್ಕದಿಂದ ಕಾಣದಂತೆ ಪ್ರೈವೆಸಿ ಫಿಲ್ಮ್ ಅಂಟಿಸಿರಲಿ. ಮಗುವಿನ ಚೀಟಿಯಾದರೆ ನೀವೇ ಆ ಪುಟ ತೆರೆದು ಓದಿ, ಸರಿಯಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ತಾಣಗಳಿಗೆ ಒಂದೊಂದಾಗಿ ವಿನಾಯಿತಿ ಕೊಡಲೇಬೇಕು ಎಂದಾದರೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಗಾತ್ರದ ಕಂಪ್ಯೂಟರಿನಲ್ಲಿ ಪೈ-ಹೋಲ್ ಎಂಬ ಸೋಸುವ ಸಾಫ್ಟ್‌ವೇರ್ ಹಾಕಬಹುದು. ಅದರಲ್ಲಿ ಬಿಡುವ ಪಟ್ಟಿ, ತಡೆಯುವ ಪಟ್ಟಿ ಎರಡೂ ನಿಮ್ಮ ಕೈಯಲ್ಲಿರುತ್ತವೆ. ಆದರೆ ಅದು ಯಾವ ಕಂಪ್ಯೂಟರ್ ಯಾವ ತಾಣ ಕೇಳಿತು ಎಂಬ ದಾಖಲೆಯನ್ನೂ ಇಡುತ್ತದೆ. ಆ ದಾಖಲೆಯನ್ನು ಯಾರು ನೋಡಬಹುದು ಎಂದು ನಿಯಮದಲ್ಲಿ ಬರೆಯದೆ ಪೈ-ಹೋಲ್ ಹಾಕಬೇಡಿ. ಸದಸ್ಯರು ಯಾವ ಪುಸ್ತಕ ಒಯ್ದರು ಎಂದು ಗ್ರಂಥಪಾಲರು ಊರೆಲ್ಲ ಹೇಳುವುದಿಲ್ಲ. ಇದೂ ಹಾಗೆಯೇ.

ಮಕ್ಕಳ ಜೊತೆ ಮಾತಾಡುವುದು ಫಿಲ್ಟರಿನ ಅರ್ಧ ಕೆಲಸ. ಹನ್ನೆರಡರ ಹುಡುಗನ ಪರದೆಯಲ್ಲಿ ತಡೆಯ ಪುಟ ಕಂಡರೆ ಎಲ್ಲರ ಎದುರು ‘ಏನು ನೋಡ್ತಾ ಇದ್ದೀಯ?’ ಎಂದು ಕೂಗಬೇಡಿ. ಹತ್ತಿರ ಹೋಗಿ ‘ಅದು ಇಲ್ಲಿ ತೆರೆಯೋದಿಲ್ಲ ಮಗಾ, ನಿನಗೆ ಯಾವ ವಿಷಯ ಬೇಕಿತ್ತು?’ ಎಂದು ಕೇಳಿ. ಎಷ್ಟೋ ಸಲ ಅದು ಶಾಲೆಯ ಪ್ರಾಜೆಕ್ಟಿನ ವಿಷಯವೇ ಆಗಿರುತ್ತದೆ. ಆಗದಿದ್ದರೂ, ನಾಳೆ ನಿಜವಾದ ತೊಂದರೆಯಲ್ಲಿ ಸಿಕ್ಕಿದಾಗ ಹೇಳಿಕೊಳ್ಳಲು ಅವನಿಗೆ ಒಬ್ಬ ದೊಡ್ಡವರು ಇರಬೇಕು.

ಕೆಟ್ಟದ್ದು ಕಂಡಾಗ

ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯ ಕಂಪ್ಯೂಟರಿನಲ್ಲಿ ಕಂಡರೆ ಫೋಟೊ ತೆಗೆಯಬೇಡಿ, ‘ಸಾಕ್ಷಿಗೆ ಇರಲಿ’ ಎಂದು ಕಾರ್ಯದರ್ಶಿಯವರಿಗೆ ವಾಟ್ಸ್‌ಆ್ಯಪ್ ಮಾಡಬೇಡಿ, ಅಳಿಸಲೂ ಬೇಡಿ. ಇಂಥ ದೃಶ್ಯವನ್ನು ಹಂಚದೆ ಬರಿದೆ ಇಟ್ಟುಕೊಂಡರೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಹುದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಮಾನಿಟರ್ ಮಾತ್ರ ಆಫ್ ಮಾಡಿ, ವಿಳಾಸವನ್ನೂ ಸಮಯವನ್ನೂ ಕೈಯಿಂದ ಬರೆದುಕೊಳ್ಳಿ, ಆ ಕಂಪ್ಯೂಟರನ್ನು ಯಾರೂ ಮುಟ್ಟದಂತೆ ನೋಡಿಕೊಂಡು ಪೊಲೀಸರಿಗೆ ತಿಳಿಸಿ. ಮಗುವಿನ ಮೇಲಿನ ಇಂಥ ಅಪರಾಧ ಗೊತ್ತಾದವರು ವರದಿ ಮಾಡಬೇಕು ಎನ್ನುತ್ತದೆ ಪೋಕ್ಸೊ ಕಾಯ್ದೆಯ 19ನೆಯ ಕಲಮು. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಗುವೇ ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಓದುಗರ ಖಾತೆಯಿಂದ ಮೋಸದಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಈ ಎರಡು ನಂಬರುಗಳನ್ನು ಪ್ರತಿ ಮಾನಿಟರಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ.

ತಿಂಗಳಿಗೊಮ್ಮೆ

ಫಿಲ್ಟರ್ ತನ್ನಷ್ಟಕ್ಕೆ ಉಳಿಯುವುದಿಲ್ಲ. ಬ್ರಾಡ್‌ಬ್ಯಾಂಡಿನವರು ಪೆಟ್ಟಿಗೆ ಬದಲಿಸಿದರೆ ರೌಟರಿನಲ್ಲಿ ಹಾಕಿದ್ದೆಲ್ಲ ಹೋಗುತ್ತದೆ. ಇಂಟರ್‌ನೆಟ್ ನಿಂತಾಗ ಯಾರೋ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿದರೂ ಅಷ್ಟೇ. ವೈಫೈಯ ಹೊಸ ಡಾಂಗಲ್ ಹಾಕಿದರೆ ಅದಕ್ಕೆ ಡಿಎನ್‌ಎಸ್ ಬೇರೆಯಾಗಿ ತುಂಬಬೇಕು, ಹಳೆಯ ಈಥರ್‌ನೆಟ್‌ನದು ಅದಕ್ಕೆ ಬರುವುದಿಲ್ಲ. ತಿಂಗಳ ಮೊದಲ ದಿನ ಕ್ಲೌಡ್‌ಫ್ಲೇರ್‌ನ ಪರೀಕ್ಷೆಯ ಪುಟವನ್ನು ದೊಡ್ಡವರ ಕಂಪ್ಯೂಟರಿನಲ್ಲೂ ಮೂರನೆಯದರಲ್ಲೂ ತೆರೆದು ನೋಡಿ; ಮಕ್ಕಳ ಕಂಪ್ಯೂಟರಿನಲ್ಲಿ ರೆಡ್ಡಿಟ್ ತೆರೆಯದಿದ್ದರೆ ಸರಿ. ಪರೀಕ್ಷೆಯ ಪುಟ ದೊಡ್ಡವರದರಲ್ಲಿ ಮುಚ್ಚಿರಬೇಕು, ಮೂರನೆಯದರಲ್ಲಿ ತೆರೆಯಬೇಕು. ಎರಡರಲ್ಲೂ ಮುಚ್ಚಿದ್ದರೆ ಮೂರನೆಯದಕ್ಕೆ ರೌಟರಿನ ಡಿಎನ್‌ಎಸ್ ಹತ್ತಿಕೊಂಡಿದೆ ಎಂದು ತಿಳಿಯಿರಿ. 20ರ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿದರೆ ಸಾಕು.

ಚೀಟಿಗಳನ್ನು ತಿಂಗಳ ಕೊನೆಗೆ ಎಣಿಸಿ: ಎಷ್ಟು ಬಂದವು, ಎಷ್ಟು ತೆರೆದಿರಿ, ಎಷ್ಟನ್ನು ಯಾವ ನಿಯಮದಡಿ ನಿರಾಕರಿಸಿದಿರಿ. ಆ ಮೂರು ಸಂಖ್ಯೆ ಸಮಿತಿಗೆ ಹೋಗಲಿ, ಚೀಟಿಗಳು ಹರಿದುಹೋಗಲಿ. ಒಂದೂ ಚೀಟಿ ಬಾರದಿದ್ದರೆ ಫಿಲ್ಟರ್ ಚೆನ್ನಾಗಿದೆ ಎಂದುಕೊಳ್ಳಬೇಡಿ. ಕೇಳಬಹುದು ಎಂಬುದೇ ಓದುಗರಿಗೆ ಗೊತ್ತಿಲ್ಲದಿರಬಹುದು. ಚೀಟಿಯ ಕಟ್ಟನ್ನು ಕಣ್ಣಿಗೆ ಬೀಳುವ ಕಡೆ ಇಡಿ, ಹೊಸಬರಿಗೆ ಬಾಯಿಮಾತಿನಲ್ಲಿ ಹೇಳಿ.

ರೌಟರಿನ ಪಾಸ್‌ವರ್ಡ್, ಮೂರು ಕಂಪ್ಯೂಟರುಗಳ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಯಾವ ಕಂಪ್ಯೂಟರಿಗೆ ಯಾವ ಡಿಎನ್‌ಎಸ್ ಎಂಬ ಪಟ್ಟಿ, ಇವನ್ನು ಒಂದು ಲಕೋಟೆಯಲ್ಲಿ ಮೊಹರು ಮಾಡಿ ಗೌರವ ಕಾರ್ಯದರ್ಶಿಯವರ ಕಪಾಟಿನಲ್ಲಿಡಿ, ಇನ್ನೊಂದು ಪ್ರತಿ ಗ್ರಂಥಪಾಲರಲ್ಲಿ. ವಾರ್ಷಿಕ ಮಹಾಸಭೆಯಲ್ಲಿ ಸಮಿತಿ ಬದಲಾದ ದಿನವೇ ಪಾಸ್‌ವರ್ಡುಗಳೂ ಬದಲಾಗಲಿ, ಹೊಸ ಲಕೋಟೆಯ ಮೇಲೆ ಹಳೆಯ ಮತ್ತು ಹೊಸ ಕಾರ್ಯದರ್ಶಿ ಇಬ್ಬರ ಸಹಿಯೂ ದಿನಾಂಕವೂ ಇರಲಿ.